ಹಸಿವಿಲ್ಲ ಎಂಬ ಮಾತಿನ ಹಿಂದೆ



ಹದಿಹರೆಯದವರಿಗಾಗಿಯೇ ಬರೆದ ಕಾದಂಬರಿಗಳು ಪಾಶ್ಚಾತ್ಯ ದೇಶಗಳಲ್ಲಿ ಹೇರಳವಾಗಿವೆ. ಅವುಗಳಲ್ಲಿ ಒಂದು ಗುಂಪು, ಊಟಕ್ಕೆ ಸಂಬಂಧಿಸಿದ ಮನೋರೋಗಗಳಿಂದ ನರಳುವ ಹುಡುಗ ಹುಡುಗಿಯರ ಕಥೆಗಳದು. ಇಂಥ ಕಥೆಗಳು ಏನು ಮಾಡಬಲ್ಲವು? ನಮ್ಮ ನಾಡಿಗೆ ಎಂಥ ಕಥೆ ಬೇಕು? ಇವತ್ತು ಈ ಎರಡು ಪ್ರಶ್ನೆಗಳನ್ನು ನಿಮ್ಮೊಡನೆ ವಿಚಾರ ಮಾಡಬೇಕೆಂದಿದ್ದೇನೆ.

ಮೊದಲು ರೋಗದ ವಿಷಯ. ಆಹಾರ ಎದುರಿಗಿದ್ದರೂ ಉಣ್ಣದೆ ದೇಹವನ್ನು ಸವೆಸಿಕೊಳ್ಳುತ್ತ ಹೋಗುವ ಕಾಯಿಲೆಗೆ 1873ರಲ್ಲಿ ಲಂಡನ್ನಿನ ವೈದ್ಯ ಸರ್ ವಿಲಿಯಂ ಗಲ್ ‘ಅನೊರೆಕ್ಸಿಯಾ ನರ್ವೋಸಾ’ ಎಂಬ ಹೆಸರು ಕೊಟ್ಟರು. ಮಿತಿಮೀರಿ ತಿಂದು, ಆಮೇಲೆ ಪಶ್ಚಾತ್ತಾಪದಿಂದ ಅದನ್ನು ಹೊರಹಾಕುವ ಇನ್ನೊಂದು ಕಾಯಿಲೆ ‘ಬುಲಿಮಿಯಾ’. ಅದನ್ನು 1979ರಲ್ಲಿ ಜೆರಾಲ್ಡ್ ರಸೆಲ್ ಎಂಬ ವೈದ್ಯರು ವಿವರಿಸಿದರು. ಇವು ಹಟವಲ್ಲ, ಶೋಕಿಯೂ ಅಲ್ಲ. ಸರಿಯಾದ ಆಹಾರ ಸಿಗದ ದೇಹ ತಣ್ಣಗಾಗುತ್ತದೆ, ಕೂದಲು ಉದುರುತ್ತದೆ, ಹುಡುಗಿಯರಲ್ಲಿ ಮುಟ್ಟು ನಿಲ್ಲಬಹುದು, ಹೃದಯದ ಬಡಿತ ನಿಧಾನವಾಗುತ್ತದೆ. ಚಿಕಿತ್ಸೆ ಇಲ್ಲದಿದ್ದರೆ ಪ್ರಾಣಕ್ಕೇ ಅಪಾಯ. ಹುಡುಗಿಯರಲ್ಲಿ ಹೆಚ್ಚಾಗಿ ಕಂಡರೂ ಹುಡುಗರನ್ನು ಇದು ಬಿಟ್ಟಿಲ್ಲ.

ಈ ವಸ್ತುವನ್ನು ಕಾದಂಬರಿಗೆ ತಂದ ಮೊದಲಿಗರಲ್ಲಿ ಅಮೆರಿಕದ ಸ್ಟೀವನ್ ಲೆವೆನ್‌ಕ್ರಾನ್ ಒಬ್ಬರು. ಅವರು ಮನೋಚಿಕಿತ್ಸಕರು. 1978ರಲ್ಲಿ ಪ್ರಕಟವಾದ ಅವರ ‘ದಿ ಬೆಸ್ಟ್ ಲಿಟ್ಲ್ ಗರ್ಲ್ ಇನ್ ದಿ ವರ್ಲ್ಡ್’ ಕಾದಂಬರಿಯ ನಾಯಕಿ ಎಲ್ಲರ ಮಾತು ಕೇಳುವ ಜಾಣ ಹುಡುಗಿ. ಯಾರಿಗೂ ತೊಂದರೆ ಕೊಡದ ಈ ಮಗಳ ಸಂಕಟ ಮನೆಯವರಿಗೆ ಬಹುಕಾಲ ಕಾಣುವುದೇ ಇಲ್ಲ. 2009ರಲ್ಲಿ ಬಂದ ಲಾರೀ ಹಾಲ್ಸ್ ಆಂಡರ್ಸನ್ ಅವರ ‘ವಿಂಟರ್‌ಗರ್ಲ್ಸ್’ ಕಾದಂಬರಿಯಲ್ಲಿ ಲಿಯಾ ಎಂಬ ಹುಡುಗಿ, ಅದೇ ಬಗೆಯ ಸಂಕಟದಲ್ಲಿ ಗೆಳತಿಯನ್ನು ಕಳೆದುಕೊಂಡು ತಾನೂ ಅದೇ ಪ್ರಪಾತದ ಅಂಚಿನಲ್ಲಿ ನಿಂತಿರುತ್ತಾಳೆ.

ಈ ಪುಸ್ತಕಗಳ ಬಗ್ಗೆ ಒಂದು ಆಕ್ಷೇಪಣೆಯೂ ಇದೆ. ತೂಕದ ಅಂಕಿಗಳು, ಊಟ ತಪ್ಪಿಸುವ ಉಪಾಯಗಳು ಕಥೆಯಲ್ಲಿ ವಿವರವಾಗಿ ಬಂದರೆ, ಆಗಲೇ ಆ ಹಾದಿ ಹಿಡಿದ ಓದುಗರು ಅದನ್ನೇ ಪಾಠವಾಗಿ ತೆಗೆದುಕೊಳ್ಳಬಹುದಲ್ಲವೇ? ಈ ಆತಂಕ ನಿಜವಾದದ್ದು. ಹಾಗೆಂದು ಕಥೆಯೇ ಬೇಡವೆನ್ನಬೇಕಾಗಿಲ್ಲ. ಒಳ್ಳೆಯ ಕಥೆ ಉಪಾಯವನ್ನು ಹೇಳುವುದಿಲ್ಲ, ನೋವನ್ನು ಹೇಳುತ್ತದೆ. ಆ ನೋವಿನಿಂದ ಹೊರಬರುವ ದಾರಿ ಎಷ್ಟು ದೀರ್ಘವಾದದ್ದೆಂಬುದನ್ನೂ ಮರೆಮಾಚುವುದಿಲ್ಲ.

ಈಗ ನಮ್ಮ ಸೀಮೆಗೆ ಬರೋಣ. ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿ ಮಲಪನಗುಡಿ ಇದೆ. ಅಲ್ಲಿಂದ ದಿನವೂ ಬಸ್ಸು ಹತ್ತಿ ಹೊಸಪೇಟೆಯ ಕಾಲೇಜಿಗೆ ಹೋಗುವ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳಿ. ಬೆಳಿಗ್ಗೆ ತಾಯಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಬಡಿಸಿದರೆ “ಹಸಿವಿಲ್ಲವ್ವ” ಎನ್ನುತ್ತಾಳೆ. ಸಂಜೆ ಕೇಳಿದರೆ “ಕಾಲೇಜಿನಾಗ ಉಂಡೀನಿ” ಎನ್ನುತ್ತಾಳೆ. ಸೋಮವಾರದ ಒಪ್ಪತ್ತಿಗೆ ಶುಕ್ರವಾರ ಸೇರುತ್ತದೆ, ಶನಿವಾರವೂ ಸೇರುತ್ತದೆ. ಅಜ್ಜಿ “ನಮ್ಮ ಹುಡುಗಿಗೆ ಭಾಳ ಭಕ್ತಿ” ಎಂದು ನೆರೆಹೊರೆಯವರಿಗೆ ಹೇಳಿ ಸಂತೋಷಪಡುತ್ತಾಳೆ. ಈ ಹುಡುಗಿ ಕನ್ನಡಿಯ ಮುಂದೆ ನಿಲ್ಲುವುದಿಲ್ಲ, ದಪ್ಪಗಾಗುತ್ತೇನೆಂದು ಹೇಳುವುದೂ ಇಲ್ಲ. ಹಾಗಾದರೆ ಇವಳನ್ನು ಗುರುತಿಸುವವರು ಯಾರು?

ಇದು ಬರಿಯ ಕಲ್ಪನೆಯ ಮಾತಲ್ಲ. 1995ರಲ್ಲಿ ದೆಹಲಿಯ ಮನೋವೈದ್ಯರು ಇಂಥ ಕಾಯಿಲೆಯ ಐವರು ಯುವತಿಯರ ಬಗ್ಗೆ ಒಂದು ಲೇಖನ ಬರೆದರು. ಪಾಶ್ಚಾತ್ಯ ಗ್ರಂಥಗಳಲ್ಲಿ ಮುಖ್ಯ ಲಕ್ಷಣವೆಂದು ಹೇಳುವ ದಪ್ಪಗಾಗುವ ಭಯ ಅವರಲ್ಲಿ ಹಾಗೆ ಎದ್ದು ಕಾಣುತ್ತಿರಲಿಲ್ಲ. ನಮ್ಮಲ್ಲಿ ಈ ಸಂಕಟ ಹೊಟ್ಟೆನೋವಿನ ಭಾಷೆಯಲ್ಲಿ, ಅರುಚಿಯ ಭಾಷೆಯಲ್ಲಿ, ಉಪವಾಸದ ಭಾಷೆಯಲ್ಲಿಯೂ ಮಾತಾಡಬಹುದು. ಆದ್ದರಿಂದ ಹೊರಗಿನ ಕಾದಂಬರಿಯನ್ನಷ್ಟೇ ಓದಿದವರು ಪಕ್ಕದ ಬೆಂಚಿನ ಗೆಳತಿಯ ಕಷ್ಟವನ್ನು ಗುರುತಿಸದೆ ಹೋಗಬಹುದು. ನಮ್ಮದೇ ಕಥೆ ಬೇಕು ಎನ್ನುವುದು ಇದಕ್ಕಾಗಿ.

ಒಂದು ಮಾತು ಸ್ಪಷ್ಟವಾಗಲಿ. ವ್ರತ ಮಾಡುವವರೆಲ್ಲ ರೋಗಿಗಳಲ್ಲ. ಬಡತನದಿಂದ ಹಸಿದವರ ಕಥೆಯೇ ಬೇರೆ. ಅವರಿಗೆ ಬೇಕಾದದ್ದು ಅನ್ನ. ವ್ರತ ಮುಗಿದ ಮೇಲೆ ಮನೆಮಂದಿಯೊಡನೆ ಕುಳಿತು ನೆಮ್ಮದಿಯಿಂದ ಉಣ್ಣುವವರಿಗೂ, ಉಣ್ಣುವ ಹೊತ್ತು ಬಂತೆಂದರೆ ಹೆದರುವವರಿಗೂ ವ್ಯತ್ಯಾಸವಿದೆ. ಆ ಹೆದರಿಕೆಯನ್ನು ಕಾಣಿಸುವುದೇ ಕಥೆಗಾರರ ಕೆಲಸ.

ಮನಸ್ಸಿನ ಕಾಯಿಲೆಯನ್ನು ಕಥೆಯಾಗಿಸುವುದು ಕನ್ನಡಕ್ಕೆ ಹೊಸದಲ್ಲ. ಮನಶ್ಶಾಸ್ತ್ರವನ್ನು ಓದಿದ್ದ ತ್ರಿವೇಣಿಯವರು ಅದನ್ನು ಆಗಲೇ ಮಾಡಿ ತೋರಿಸಿದ್ದಾರೆ. ಅವರ ‘ಶರಪಂಜರ’ದ ಕಾವೇರಿ ಬಾಣಂತಿತನದಲ್ಲಿ ಮನೋರೋಗಕ್ಕೆ ತುತ್ತಾಗುತ್ತಾಳೆ. ಗುಣವಾಗಿ ಮನೆಗೆ ಮರಳಿದ ಮೇಲೂ ಸುತ್ತಲಿನವರ ಅನುಮಾನ ಅವಳನ್ನು ಬಿಡುವುದಿಲ್ಲ. 1971ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಚಲನಚಿತ್ರ ಮಾಡಿದಾಗ ಕಾವೇರಿಯ ಕಥೆ ಕಾದಂಬರಿ ಓದದವರ ಮನೆಗಳಿಗೂ ತಲುಪಿತು. ಕೇವಲ 34 ವರ್ಷ ಬದುಕಿದ ಲೇಖಕಿ ಇಷ್ಟು ಮಾಡಿದ್ದಾರೆಂದರೆ, ಹದಿಹರೆಯದ ಈ ಮೌನ ಸಂಕಟಕ್ಕೂ ಕನ್ನಡದ ದನಿ ಸಿಗಬಾರದೇಕೆ?

ಕಥೆ ಗುರುತಿಸಲು ಕಲಿಸುತ್ತದೆ. ಗುಣಪಡಿಸಲು ವೈದ್ಯರು ಬೇಕು. ಈ ವಿಷಯದಲ್ಲಿ ನಮ್ಮ ಸೀಮೆ ಹೆಮ್ಮೆಪಡುವಂಥ ಸಂಗತಿಯೊಂದಿದೆ. ಹೊಸಪೇಟೆ, ಸಂಡೂರು, ಕಂಪ್ಲಿಗಳೆಲ್ಲ ಒಂದೇ ಬಳ್ಳಾರಿ ಜಿಲ್ಲೆಯಲ್ಲಿದ್ದ 1980ರ ದಶಕದಲ್ಲಿ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಇಲ್ಲಿ ಒಂದು ಪ್ರಯೋಗ ನಡೆಸಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗವನ್ನು ಗುರುತಿಸುವ ತರಬೇತಿ ಕೊಟ್ಟು, ಚಿಕಿತ್ಸೆ ಹಳ್ಳಿಯ ಹತ್ತಿರವೇ ಸಿಗುವಂತೆ ಮಾಡಿತು. ‘ಬಳ್ಳಾರಿ ಮಾದರಿ’ ಎಂದು ಹೆಸರಾದ ಇದೇ, 1996ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆಧಾರವಾಯಿತು. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಸೇವೆಗೆ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಗೆಳತಿಯೋ ಗೆಳೆಯನೋ ದಿನದಿನಕ್ಕೂ ಊಟದ ಗುಂಪಿನಿಂದ ದೂರ ಸರಿಯುತ್ತಿದ್ದರೆ “ಕಡ್ಡಿಯಾಗೀಯಲ್ಲ” ಎಂದು ನಗಬೇಡಿ, “ತಿನ್ನು, ತಿನ್ನು” ಎಂದು ಒತ್ತಾಯವನ್ನೂ ಮಾಡಬೇಡಿ. ಪಕ್ಕದಲ್ಲಿ ಕುಳಿತು “ಯಾಕೋ ಸಪ್ಪಗಿದ್ದೀಯಲ್ಲ” ಎಂದು ಕೇಳಿ, ಉತ್ತರಕ್ಕೆ ಕಾಯಿರಿ. ನಂಬಿಕೆಯ ಅಧ್ಯಾಪಕರಿಗೋ ಮನೆಯ ಹಿರಿಯರಿಗೋ ವಿಷಯ ತಿಳಿಸಿ. ಅದು ಚಾಡಿ ಹೇಳಿದಂತಲ್ಲ. ಆ ಸಂಕಟ ನಿಮ್ಮದೇ ಆಗಿದ್ದರೆ, ಒಬ್ಬರ ಮುಂದಾದರೂ ಬಾಯಿಬಿಟ್ಟು ಹೇಳಿ. ಗುಣವಾಗುವ ಕಾಯಿಲೆ ಇದು. ಬೇಗ ಹೇಳಿದಷ್ಟೂ ಒಳ್ಳೆಯದು.

ನಿಮ್ಮಲ್ಲಿ ಬರೆಯುವ ಆಸೆ ಇರುವವರಿಗೆ ಇನ್ನೊಂದು ಮಾತು. ಆ ಮಲಪನಗುಡಿಯ ಹುಡುಗಿಯ ಕಥೆ ಇನ್ನೂ ಬರೆಯುವವರಿಗಾಗಿ ಕಾದಿದೆ. ಅವಳ ತೂಕ ಎಷ್ಟೆಂದು ಬರೆಯಬೇಡಿ. ಅವಳು ಯಾವುದಕ್ಕೆ ಹೆದರುತ್ತಾಳೆ, ಯಾರು ಅವಳ ಮಾತು ಕೇಳಿದರು ಎಂಬುದನ್ನು ಬರೆಯಿರಿ.