ಗಂಟಲಿಗೆ ಬಂದ ವೈರಸ್, ಬಾಯಿಗೆ ಬಾರದ ಮಾತು

ಇವತ್ತು ರಾಜಕೀಯ ಬೇಡ. ನಾನೇ ಮಾಡಿದ ಒಂದು ತಪ್ಪಿನ ಬಗ್ಗೆ ಮಾತಾಡ್ತೀನಿ.

ಕೆಲವು ತಿಂಗಳ ಹಿಂದೆ, ಮಧ್ಯಾಹ್ನದ ಫೋನ್-ಇನ್ ಕಾರ್ಯಕ್ರಮ. ಸ್ಟುಡಿಯೋದಲ್ಲಿ ಒಬ್ಬ ಕ್ಯಾನ್ಸರ್ ತಜ್ಞರು ಕೂತಿದ್ದರು. ಹಾಸನದ ಕಡೆಯಿಂದ ಒಬ್ಬ ಹೆಣ್ಣುಮಗಳು ಫೋನ್ ಮಾಡಿದರು. "ಸಾರ್, ನಮ್ಮ ಯಜಮಾನ್ರಿಗೆ ಗಂಟಲ ಕ್ಯಾನ್ಸರ್ ಅಂತ ಹೇಳವ್ರೆ. ಅವರು ಬೀಡಿ, ಸಿಗರೇಟು ಮುಟ್ಟಿದೋರಲ್ಲ. ಗುಟ್ಕಾ ಬಿಡಿ, ಮದುವೆ ಮನೇಲಿ ಕೊಟ್ಟ ಎಲೆಅಡಿಕೇನೂ ಹಾಕೋರಲ್ಲ. ಕುಡಿಯೋ ಚಟಾನೂ ಇಲ್ಲ. ಅಂಥೋರಿಗೆ ಇದು ಹೆಂಗೆ ಬಂತು ಸಾರ್?"

ಡಾಕ್ಟರ್ ಹೇಳಿದರು: "ತಂಬಾಕು ಒಂದೇ ಕಾರಣ ಅಲ್ಲಮ್ಮ. ಕೆಲವರಿಗೆ ಒಂದು ವೈರಸ್‌ನಿಂದಲೂ ಬರುತ್ತೆ." ಆಕೆ ಬಿಡಲಿಲ್ಲ. "ಆ ವೈರಸ್ಸು ಎಲ್ಲಿಂದ ಬರುತ್ತೆ ಸಾರ್?" ಡಾಕ್ಟರ್ ನನ್ನ ಮುಖ ನೋಡಿದರು. ನಾನು ಏನು ಮಾಡಿದೆ ಗೊತ್ತಾ? "ಒಂದು ಚಿಕ್ಕ ಬ್ರೇಕ್ ತಗೊಳ್ಳೋಣ" ಅಂದೆ. ಬ್ರೇಕ್ ಮುಗಿದಾಗ ಲೈನಿನಲ್ಲಿ ಬೇರೆ ಯಾರೋ ಇದ್ದರು.

ದಿನವಿಡೀ ಕೊಲೆ, ಸುಲಿಗೆ, ಅತ್ಯಾಚಾರದ ಸುದ್ದಿ ಓದೋಕೆ ನನಗೆ ನಾಚಿಕೆ ಇಲ್ಲ. ಒಬ್ಬ ಹೆಣ್ಣುಮಗಳಿಗೆ ಗಂಡನ ಕಾಯಿಲೆಯ ಕಾರಣ ಹೇಳೋಕೆ ನಾಚಿಕೆ ಆಯ್ತು. ಆವತ್ತು ಕೊಡದ ಉತ್ತರವನ್ನ ಇವತ್ತು ಕೊಡ್ತೀನಿ.

ಆ ವೈರಸ್ ಹೆಸರು ಹ್ಯೂಮನ್ ಪ್ಯಾಪಿಲೋಮಾ ವೈರಸ್. ಚಿಕ್ಕದಾಗಿ ಎಚ್‌ಪಿವಿ. ಇದರಲ್ಲಿ 200ಕ್ಕೂ ಹೆಚ್ಚು ಬಗೆ ಇವೆ. ಕೈ ಮೇಲೆ ನರಹುಲಿ ಏಳುತ್ತಲ್ಲ, ಅದೂ ಇದೇ ಕುಟುಂಬದ್ದು. ಬಹುಪಾಲು ನಿರುಪದ್ರವಿ. ಆದರೆ ಕೆಲವು ಬಗೆಗಳು ಕ್ಯಾನ್ಸರ್ ತರುತ್ತವೆ. ಅದರಲ್ಲಿ ಮುಖ್ಯವಾದದ್ದು 16ನೇ ನಂಬರಿನದು. 1983ರಲ್ಲಿ ಜರ್ಮನಿಯ ವಿಜ್ಞಾನಿ ಹೆರಾಲ್ಡ್ ಜುರ್ ಹೌಸೆನ್ ಅವರ ತಂಡ ಗರ್ಭಕಂಠದ ಕ್ಯಾನ್ಸರ್ ಗಡ್ಡೆಯಲ್ಲಿ ಇದನ್ನ ಪತ್ತೆ ಹಚ್ಚಿತು. ಅದಕ್ಕಾಗಿ 2008ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ಗರ್ಭಕಂಠ ಅನ್ನೋ ಪದದಲ್ಲೇ ಕಂಠ ಇದೆ ನೋಡಿ. ಆ ಕಂಠಕ್ಕೆ ಬರುವ ವೈರಸ್ ಈ ಕಂಠಕ್ಕೂ ಬರುತ್ತೆ. ಆದರೆ ಗಂಟಲಿನ ಎಲ್ಲ ಭಾಗಕ್ಕೂ ಅಲ್ಲ. ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಹೆಚ್ಚಾಗಿ ಹೊಗೆಯದ್ದೇ ಕೆಲಸ. ಕೆನ್ನೆಯ ಒಳಭಾಗ, ವಸಡು, ಅಲ್ಲಿ ತಂಬಾಕು, ಗುಟ್ಕಾ, ಅಡಿಕೆಯ ಪಾತ್ರ ದೊಡ್ಡದು. ಈ ವೈರಸ್ ಹುಡುಕಿಕೊಂಡು ಹೋಗುವ ಜಾಗ ಟಾನ್ಸಿಲ್ ಮತ್ತು ನಾಲಿಗೆಯ ಬುಡ. ಟಾನ್ಸಿಲ್ ಮೇಲೆ ಸಣ್ಣ ಸಣ್ಣ ಗುಳಿಗಳಿರುತ್ತವೆ. ಅಲ್ಲಿ ಸೇರಿಕೊಂಡು, ಜೀವಕೋಶ ಅಡ್ಡಾದಿಡ್ಡಿ ಬೆಳೆಯದಂತೆ ತಡೆಯುವ ನಮ್ಮದೇ ಕಾವಲು ಪ್ರೋಟೀನ್‌ಗಳನ್ನ ಕೆಲಸ ಮಾಡದ ಹಾಗೆ ಮಾಡುತ್ತೆ. ಕಾವಲುಗಾರನೇ ಇಲ್ಲದ ಮೇಲೆ ಇನ್ನೇನು?

ಹೇಗೆ ಬರುತ್ತೆ? ಲೈಂಗಿಕ ಸಂಪರ್ಕದಿಂದ. ಗಂಟಲಿಗೆ ಮುಖ್ಯವಾಗಿ ಓರಲ್ ಸೆಕ್ಸ್‌ನಿಂದ. ಹೇಳಿಬಿಟ್ಟೆ. ಆಕಾಶ ಏನೂ ಬೀಳಲಿಲ್ಲ.

ಆದರೆ ಇಷ್ಟೇ ಕೇಳಿ ಟಿವಿ ಆಫ್ ಮಾಡಬೇಡಿ. ಮುಂದಿನದ್ದೇ ಮುಖ್ಯ. ಈ ವೈರಸ್ ಎಷ್ಟು ಸಾಮಾನ್ಯ ಅಂದರೆ, ದಾಂಪತ್ಯ ಜೀವನ ನಡೆಸುವ ಬಹುತೇಕ ಗಂಡಸರು, ಹೆಂಗಸರು ಬದುಕಿನಲ್ಲಿ ಒಮ್ಮೆಯಾದರೂ ಇದರ ಯಾವುದಾದರೊಂದು ಬಗೆಯನ್ನ ಅಂಟಿಸಿಕೊಂಡಿರ್ತಾರೆ. ಹತ್ತರಲ್ಲಿ ಒಂಬತ್ತು ಸಲ, ಒಂದೆರಡು ವರ್ಷದಲ್ಲಿ ದೇಹವೇ ಅದನ್ನ ಓಡಿಸುತ್ತೆ. ಬಂದದ್ದೂ ಗೊತ್ತಾಗಲ್ಲ, ಹೋದದ್ದೂ ಗೊತ್ತಾಗಲ್ಲ. ಕೆಲವರಲ್ಲಿ ಮಾತ್ರ ಉಳಿದುಬಿಡುತ್ತೆ. ಕ್ಯಾನ್ಸರ್ ಆಗೋಕೆ ಹತ್ತಾರು ವರ್ಷ ಬೇಕು. ಐವತ್ತೈದರಲ್ಲಿ ಗಂಟಲಲ್ಲಿ ಗಡ್ಡೆ ಕಂಡರೆ, ಸೋಂಕು ಇಪ್ಪತ್ತೈದರಲ್ಲೇ ಬಂದಿರಬಹುದು. ಯಾರಿಂದ ಯಾರಿಗೆ ಬಂತು ಅಂತ ಯಾವ ಲ್ಯಾಬೂ ಹೇಳಲ್ಲ. ಆದ್ದರಿಂದ ಬಯಾಪ್ಸಿ ರಿಪೋರ್ಟನ್ನ ನಡತೆ ಪ್ರಮಾಣಪತ್ರದ ಹಾಗೆ ಓದಬೇಡಿ. ಗಂಡನ ಮೇಲೆ ಹೆಂಡತಿ, ಹೆಂಡತಿ ಮೇಲೆ ಗಂಡ ಪೊಲೀಸ್ ತನಿಖೆ ಶುರು ಮಾಡಿದರೆ ಗೆಲ್ಲೋದು ಕಾಯಿಲೆ ಮಾತ್ರ.

ಇದೇ ತಪ್ಪನ್ನ ಜಗತ್ತಿನ ಪತ್ರಿಕೋದ್ಯಮವೂ ಮಾಡಿದೆ. ಹಾಲಿವುಡ್ ನಟ ಮೈಕೆಲ್ ಡಗ್ಲಸ್ ತಮಗೆ ಗಂಟಲ ಕ್ಯಾನ್ಸರ್ ಅಂತ 2010ರಲ್ಲಿ ಹೇಳಿದರು. 2013ರಲ್ಲಿ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆಯ ಸಂದರ್ಶನದಲ್ಲಿ ಈ ವೈರಸ್ ಬಗ್ಗೆ, ಓರಲ್ ಸೆಕ್ಸ್ ಬಗ್ಗೆ ಬಾಯಿಬಿಟ್ಟು ಮಾತಾಡಿದರು. ಆಮೇಲೆ ಅವರ ಪ್ರತಿನಿಧಿ, ಅವರು ಹೇಳಿದ್ದು ಸಾಮಾನ್ಯ ಕಾರಣಗಳ ಬಗ್ಗೆ, ತಮ್ಮ ಕಾಯಿಲೆಗೆ ಅದೇ ಕಾರಣ ಅಂತಲ್ಲ ಅಂತ ಸ್ಪಷ್ಟನೆ ಕೊಡಬೇಕಾಯ್ತು. ಜಗತ್ತೆಲ್ಲ ಅದನ್ನ ಸಿನಿಮಾ ಗಾಸಿಪ್ ಮಾಡಿ ನಕ್ಕಿತು. ಆ ಸುದ್ದಿ ನೋಡಿ ನಾನೂ ನಕ್ಕಿದ್ದೆ. ಇದನ್ನ ತಡೆಯುವ ದಾರಿ ಇದೆಯಾ ಅಂತ ಕೇಳಿದವರು ಕಡಿಮೆ.

ದಾರಿ ಇದೆ. ಲಸಿಕೆ. 2006ರಿಂದಲೇ ಇದೆ. ಅಮೆರಿಕದಲ್ಲಿ ಗಂಟಲಿನ ಈ ಭಾಗದ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ 70ರಷ್ಟಕ್ಕೆ ಎಚ್‌ಪಿವಿ ನಂಟಿದೆ, ಅದೂ ಗಂಡಸರಲ್ಲೇ ಹೆಚ್ಚು. ಆಸ್ಟ್ರೇಲಿಯಾ 2007ರಲ್ಲಿ ಹೆಣ್ಣುಮಕ್ಕಳಿಗೆ ಶುರು ಮಾಡಿದ ಲಸಿಕೆಯನ್ನ 2013ರಲ್ಲಿ ಗಂಡುಮಕ್ಕಳಿಗೂ ವಿಸ್ತರಿಸಿತು. ಬ್ರಿಟನ್ 2019ರಲ್ಲಿ ವಿಸ್ತರಿಸಿತು. ಕೋಸ್ಟರಿಕಾದಲ್ಲಿ ನಡೆದ ಅಧ್ಯಯನದಲ್ಲಿ, ಲಸಿಕೆ ಪಡೆದ ಮಹಿಳೆಯರ ಬಾಯಲ್ಲಿ 16 ಮತ್ತು 18ನೇ ಬಗೆಯ ಸೋಂಕು ಶೇ 93ರಷ್ಟು ಕಡಿಮೆ ಇತ್ತು. ಕ್ಯಾನ್ಸರ್ ಎಷ್ಟು ಇಳಿಯುತ್ತೆ ಅಂತ ಲೆಕ್ಕ ಹಾಕೋಕೆ ಇನ್ನೂ ವರ್ಷಗಳು ಬೇಕು, ಕಾಯಿಲೆಯೇ ನಿಧಾನದ್ದಲ್ವಾ? ಆದರೆ ಬೀಜವೇ ಬೀಳದಿದ್ದರೆ ಮರ ಎಲ್ಲಿಂದ?

ನಮ್ಮಲ್ಲಿ? ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸಿದ ಸರ್ವಾವ್ಯಾಕ್ ಲಸಿಕೆಗೆ 2022ರಲ್ಲಿ ಅನುಮತಿ ಸಿಕ್ಕಿತು. 2024ರ ಫೆಬ್ರವರಿಯ ಮಧ್ಯಂತರ ಬಜೆಟ್‌ನಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್, 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಲಸಿಕೆ ಹಾಕಿಸಲು ಪ್ರೋತ್ಸಾಹ ಕೊಡ್ತೀವಿ ಅಂದರು. ಒಳ್ಳೇದು. ಗರ್ಭಕಂಠದ ಕ್ಯಾನ್ಸರ್ ನಮ್ಮ ಹೆಣ್ಣುಮಕ್ಕಳನ್ನ ಬಲಿ ತಗೊಳ್ತಿದೆ, ಮೊದಲ ಸರದಿ ಅವರದ್ದೇ ಆಗಲಿ. ನನ್ನ ಪ್ರಶ್ನೆ ಒಂದೇ: ಗಂಡುಮಕ್ಕಳ ಗಂಟಲಿನ ಮಾತು ಯಾವಾಗ ಎತ್ತೋದು?

"ಅಷ್ಟು ಚಿಕ್ಕ ಮಕ್ಕಳಿಗೆ ಇದೆಲ್ಲ ಯಾಕೆ ಸ್ವಾಮಿ?" ಅಂತ ಕೇಳ್ತೀರಿ. ಚಿಕ್ಕವರಿದ್ದಾಗಲೇ ಹಾಕಬೇಕು. ವೈರಸ್ ಬರೋ ಮುಂಚೆ ಹಾಕಿದರೆ ಕೆಲಸ ಮಾಡುತ್ತೆ, ಬಂದ ಮೇಲೆ ಅದನ್ನ ಓಡಿಸಲ್ಲ. ಮಳೆ ಬರೋ ಮುಂಚೆ ಹೆಂಚು ಕೈಯಾಡಿಸ್ತೀವಿ ತಾನೆ?

ಇನ್ನೊಂದು ಮಾತು, ಗುಟ್ಕಾ ಜಗಿಯುವ ತಮ್ಮಂದಿರಿಗೆ. "ಕ್ಯಾನ್ಸರ್ ವೈರಸ್‌ನಿಂದ ಬರುತ್ತಂತೆ, ನಮ್ಮದೇನೂ ತಪ್ಪಿಲ್ಲ" ಅಂತ ನಾಳೆ ಕಟ್ಟೆ ಮೇಲೆ ಕೂತು ಹೇಳಬೇಡಿ. ಅಮೆರಿಕದ ಲೆಕ್ಕ ನಮ್ಮದಲ್ಲ. ನಮ್ಮಲ್ಲಿ ಬಾಯಿ, ಗಂಟಲ ಕ್ಯಾನ್ಸರ್‌ಗೆ ಮೊದಲ ಆರೋಪಿ ಇವತ್ತಿಗೂ ತಂಬಾಕೇ. ವೈರಸ್‌ನಿಂದ ಬಂದ ಕ್ಯಾನ್ಸರ್ ಚಿಕಿತ್ಸೆಗೆ ಹೆಚ್ಚು ಚೆನ್ನಾಗಿ ಬಗ್ಗುತ್ತೆ ಅಂತ ವೈದ್ಯರು ಹೇಳ್ತಾರೆ. ಆದರೆ ರೋಗಿ ಸಿಗರೇಟು ಸೇದುವವನಾಗಿದ್ದರೆ ಆ ಅನುಕೂಲವೂ ಕಮ್ಮಿ ಆಗುತ್ತೆ.

ಗರ್ಭಕಂಠಕ್ಕೆ ಪ್ಯಾಪ್ ಸ್ಮಿಯರ್ ಇದೆ. ಗಂಟಲಿಗೆ ಅಂಥ ಮುನ್ಸೂಚನೆಯ ಪರೀಕ್ಷೆ ಇಲ್ಲ. ನಿಮ್ಮ ಕೈಯೇ ಪರೀಕ್ಷೆ. ಕುತ್ತಿಗೆಯಲ್ಲಿ ನೋವಿಲ್ಲದ ಗಂಟು, ಮೂರು ವಾರ ಆದರೂ ಹೋಗದ ಗಂಟಲು ನೋವು, ನುಂಗೋಕೆ ತ್ರಾಸ, ಒಂದೇ ಕಡೆ ಕಿವಿನೋವು. ಇವುಗಳಲ್ಲಿ ಒಂದಿದ್ದರೂ ಕಷಾಯ ಕುಡಿದು ಕಾಯಬೇಡಿ. ಇಎನ್‌ಟಿ ವೈದ್ಯರ ಹತ್ತಿರ ಹೋಗಿ. ಚಟ ಇಲ್ಲದವರೂ ಹೋಗಿ.

ಕೊನೆಗೆ, ಹಾಸನದ ಆ ನನ್ನ ಸೋದರಿಗೆ. ಅಮ್ಮ, ನಿಮ್ಮ ಯಜಮಾನರಿಗೆ ವೈರಸ್‌ನಿಂದಲೇ ಬಂತಾ ಅನ್ನೋದು ನನಗೆ ಗೊತ್ತಿಲ್ಲ. ಬಯಾಪ್ಸಿ ತುಣುಕಿನ ಮೇಲೆ ಪಿ-16 ಅನ್ನೋ ಪರೀಕ್ಷೆ ಮಾಡಿದರೆ ಸುಳಿವು ಸಿಗುತ್ತೆ, ಡಾಕ್ಟರನ್ನ ಕೇಳಿ. ಉತ್ತರ ಹೌದು ಅಂತ ಬಂದರೆ ಅವರ ಪಕ್ಕ ಇನ್ನೂ ಹತ್ತಿರ ಕೂತ್ಕೊಳ್ಳಿ. ಅವರು ತಪ್ಪು ಮಾಡಿದವರಲ್ಲ, ಕಾಯಿಲೆ ಬಿದ್ದವರು. ಮನೆಯಲ್ಲಿ ಮಗ ಇದ್ದರೆ, ಮಗಳಿದ್ದರೆ, ಅವರ ಲಸಿಕೆ ಬಗ್ಗೆಯೂ ಅದೇ ಡಾಕ್ಟರನ್ನ ಕೇಳಿ.

ಆವತ್ತು ಬ್ರೇಕ್ ತಗೊಂಡಿದ್ದಕ್ಕೆ ಕ್ಷಮೆ ಇರಲಿ.