ಕನ್ನಡಕದೊಳಗಿನ ಸೂಚನೆ ಕನ್ನಡದಲ್ಲಿರಲಿ

(ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಸ್ವ-ಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣದ ಸಾರ)



ಮೆಟ್ಟುಗತ್ತಿಯ ಮುಂದೆ ಕೂತು ರಾತ್ರಿಯೆಲ್ಲ ಅಡಿಕೆ ಸುಲಿದವರು ನಿಮ್ಮಲ್ಲಿ ಬಹಳ ಮಂದಿ ಇದ್ದೀರಿ. ಈಗ ಎಷ್ಟೋ ಮನೆಗಳಲ್ಲಿ ಆ ಕೆಲಸ ಯಂತ್ರದ್ದು. ಯಂತ್ರ ಬಂದದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಅದನ್ನು ನಡೆಸಲು ಬರುವವರಿಗೆ ಕೆಲಸ ಉಳಿಯುತ್ತದೆ, ಬಾರದವರು ಬೇರೆ ಕೂಲಿ ಹುಡುಕಬೇಕಾಗುತ್ತದೆ. ನಮ್ಮ ಮಕ್ಕಳಿಗೆ ಹಾಗಾಗಬಾರದು.

ಕಾರ್ಖಾನೆಗಳಲ್ಲಿ ಈಗ ‘ಆಗ್ಮೆಂಟೆಡ್ ರಿಯಾಲಿಟಿ’ ಎಂಬ ವಿಧಾನ ಬಳಕೆಗೆ ಬಂದಿದೆ. ವಿಶೇಷ ಕನ್ನಡಕ ಹಾಕಿಕೊಂಡು, ಇಲ್ಲವೇ ಮೊಬೈಲ್ ಹಿಡಿದು ನೋಡಿದರೆ, ಎದುರಿನ ಯಂತ್ರದ ಮೇಲೇ ಬಾಣದ ಗುರುತು, ಅಕ್ಷರ ಮೂಡಿದ ಹಾಗೆ ಕಾಣುತ್ತದೆ: ಮೊದಲು ಈ ಸ್ವಿಚ್, ಆಮೇಲೆ ಆ ಬೋಲ್ಟ್. ದೂರದ ಎಂಜಿನಿಯರ್ ಕೂಡ ನಾವು ನೋಡುತ್ತಿರುವುದನ್ನೇ ನೋಡಿ ತಿದ್ದಬಹುದು. ಈ ಹೆಸರು ಕೊಟ್ಟವರು ಅಮೆರಿಕದ ಬೋಯಿಂಗ್ ಕಂಪನಿಯ ಟಾಮ್ ಕಾಡೆಲ್, 1990ರ ಸುಮಾರಿಗೆ. ವಿಮಾನದ ವೈರು ಜೋಡಿಸುವವರಿಗೆ ಯಾವ ವೈರು ಎಲ್ಲಿಗೆ ಎಂದು ಕಣ್ಣೆದುರೇ ತೋರಿಸುವುದು ಅವರ ಉದ್ದೇಶವಾಗಿತ್ತು.

ಇದು ನಮಗೆ ದೂರದ ಮಾತಲ್ಲ. ನಮ್ಮ ರಾಜ್ಯದ 150 ಐಟಿಐಗಳನ್ನು ಸುಮಾರು 4,700 ಕೋಟಿ ರೂಪಾಯಿ ವೆಚ್ಚದಲ್ಲಿ ಹೊಸ ಕಾಲದ ಕೈಗಾರಿಕೆಗೆ ತಕ್ಕಂತೆ ಮೇಲ್ದರ್ಜೆಗೇರಿಸಿ, 2022ರ ಜೂನ್ 20ರಂದು ಉದ್ಘಾಟಿಸಲಾಯಿತು. ಎಸ್ಸೆಸ್ಸೆಲ್ಸಿ ಮುಗಿಸಿದ ಹೆಣ್ಣುಮಕ್ಕಳನ್ನೂ ಐಟಿಐಗೆ ಕಳುಹಿಸಿ. ‘ಹುಡುಗಿಗೆ ಯಾಕೆ ಮೆಷಿನ್ ಕೆಲಸ?’ ಅನ್ನಬೇಡಿ.

ಆದರೆ ತರಬೇತಿಗೆ ಸೇರಿಸುವಾಗಲೂ, ಮಗಳು ಕಾರ್ಖಾನೆಗೆ ಹೊರಟಾಗಲೂ ಮೂರು ಮಾತು ಕೇಳಿ.

ಒಂದು, ಸೂಚನೆ ಕನ್ನಡದಲ್ಲಿದೆಯೇ? ಕನ್ನಡಕ ಎಷ್ಟೇ ದುಬಾರಿಯಾಗಿರಲಿ, ಅರ್ಥವಾಗದ ಭಾಷೆಯಲ್ಲಿ ‘ನಿಲ್ಲಿಸು’ ಎಂದು ಬಂದರೆ ಕೈ ನಿಲ್ಲುವುದಿಲ್ಲ.

ಎರಡು, ನೆಟ್‌ವರ್ಕ್ ಹೋದರೆ ಏನು ಗತಿ? 2020ರ ಲಾಕ್‌ಡೌನಿನಲ್ಲಿ ಆನ್‌ಲೈನ್ ಪಾಠಕ್ಕಾಗಿ ಗುಡ್ಡ ಹತ್ತಿದ ಮಕ್ಕಳು ಮಲೆನಾಡಿನವರು. ಕನ್ನಡಕ ಇಲ್ಲದೆಯೂ ಯಂತ್ರ ನಡೆಸಲು ಕಲಿಸಬೇಕು.

ಮೂರು, ಸುರಕ್ಷತೆಯ ಪಾಠ ಮೊದಲಾಗುತ್ತದೆಯೇ? ಸುಲಿಯುವ ಯಂತ್ರದಲ್ಲಿ ಕಾಯಿ ಸಿಕ್ಕಿಕೊಂಡರೆ ಮೊದಲು ಕರೆಂಟ್ ತೆಗೆಯಬೇಕು, ಆಮೇಲೆ ಕೈ ಹಾಕಬೇಕು. ಸೆರಗು, ಜಡೆ ಬೆಲ್ಟಿಗೆ ಸಿಗದಂತೆ ಕಟ್ಟಬೇಕು. ದೊಡ್ಡ ಕಾರ್ಖಾನೆಗೂ ಇದೇ ನಿಯಮ. ಕನ್ನಡಕ ದಾರಿ ತೋರಿಸುತ್ತದೆ, ಬೆರಳನ್ನು ಕಾಯುವುದಿಲ್ಲ. ಅಪಘಾತವಾದರೆ ‘ಕನ್ನಡಕ ಹೇಳಿತ್ತು’ ಅಂತ ಮಾಲೀಕರು ಜಾರಿಕೊಳ್ಳುವಂತಾಗಬಾರದು.

ಮುಂದಿನ ತಿಂಗಳ ಸಂಘದ ಸಭೆಯಲ್ಲಿ ಈ ಮೂರು ಪ್ರಶ್ನೆಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳಿ. ಐಟಿಐಗೆ ಒಬ್ಬೊಬ್ಬರೇ ಹೋಗಬೇಡಿ, ನಾಲ್ಕಾರು ತಾಯಂದಿರು ಜೊತೆಯಾಗಿ ಹೋಗಿ ಕೇಳಿ. ಕೇಳುವವರಿದ್ದರೆ ಉತ್ತರ ಕೊಡುವವರೂ ಇರುತ್ತಾರೆ.