ಸೂರಕ್ಕಿ ಫೋಟೋದಲ್ಲಿ ಕಪ್ಪಗೆ ಯಾಕೆ ಬರುತ್ತೆ?

ಹಿಂಜವಡಿ, ವಾಕಡ್, ಬಾಣೇರ್ ಕಡೆ ಇರೋ ನಮ್ಮವರು ನನ್ನನ್ನ ಆಗಾಗ ಕೇಳ್ತಾರೆ: "400 ಎಂಎಂ ಲೆನ್ಸ್ ತಗೊಂಡಿದೀನಿ, ಆದ್ರೂ ಸೂರಕ್ಕಿ ಕಪ್ಪು ಚುಕ್ಕೆ ಥರ ಬರುತ್ತಲ್ಲ?"

ಅದು ಲೆನ್ಸಿನ ತಪ್ಪಲ್ಲ. ಗಂಡು ಸೂರಕ್ಕಿಯ ಆ ನೇರಳೆ ಹೊಳಪು ಹುಟ್ಟೋದು ಗರಿಯ ಸೂಕ್ಷ್ಮ ರಚನೆಗೆ ಬೆಳಕು ಬಿದ್ದಾಗ. ಕೋನ ತಪ್ಪಿದರೆ ಹಕ್ಕಿ ಕಪ್ಪೇ. ಹಾಗಾಗಿ ಸೂರ್ಯ ನಿಮ್ಮ ಬೆನ್ನಿಗಿರಲಿ. ಬೆಳಿಗ್ಗೆ, ಆಫೀಸ್ ಕ್ಯಾಬ್ ಬರೋಕೆ ಮುಂಚೆ, ದಾಸವಾಳದಿಂದ ಸ್ವಲ್ಪ ದೂರ ಕೂತ್ಕೊಳ್ಳಿ. ಶಟರ್ 1/2000ಕ್ಕಿಡಿ, ಐಎಸ್‌ಒ ಏರಿದರೆ ಏರಲಿ. ನಾಯ್ಸ್ ಆಮೇಲೆ ಕಡಿಮೆ ಮಾಡಬಹುದು, ಅಲುಗಾಡಿದ ಫೋಟೋ ಸರಿ ಮಾಡೋದು ಕಷ್ಟ.

ಹೊಟ್ಟೆ ಹಳದಿ, ಎದೆ ನಡುವೆ ಕಪ್ಪು ಗೆರೆ ಇರೋ ಹಕ್ಕಿ ಕಂಡರೆ ಬೇರೆ ಜಾತಿ ಅಂದ್ಕೋಬೇಡಿ. ಮರಿ ಮಾಡೋ ಕಾಲ ಮುಗಿದ ಮೇಲೆ ಗಂಡು ಹಾಕೋ ವೇಷ ಅದು.

ಸೂರಕ್ಕಿಗೆ ಮರಾಠಿಯಲ್ಲಿ ಶಿಂಜೀರ ಅಂತಾರೆ. ನಮ್ಮ ಸಿಂಪಿಗ ಇಲ್ಲಿ ಶಿಂಪಿ. ಗೇಟಿನ ವಾಚ್‌ಮನ್ ಹತ್ರ ಈ ಹೆಸರಲ್ಲೇ ಕೇಳಿ ನೋಡಿ, ಮಾತು ಬೆಳೆಯುತ್ತೆ.

ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. ಸೂರಕ್ಕಿ ಬಾಲ್ಕನಿಯ ವೈರಿಗೂ ಗೂಡು ನೇತುಹಾಕುತ್ತೆ. ಜೇಡರ ಬಲೆ ತಂದು ಗೂಡು ಕಟ್ಟೋದು, ಕಾವು ಕೊಡೋದು ಹೆಣ್ಣೊಂದೇ. ನೀವು ಗೂಡಿನ ಹತ್ರ ನಿಂತಿದ್ದರೆ ಅದು ಒಳಗೆ ಹೋಗಲ್ಲ, ಮೊಟ್ಟೆ ತಣ್ಣಗಾಗುತ್ತೆ. ಚೆನ್ನಾಗಿ ಕಾಣಲಿ ಅಂತ ಅಡ್ಡ ಇರೋ ಎಲೆ ಕತ್ತರಿಸಿದರೆ ಕಾಗೆಗೆ ದಾರಿ ತೋರಿಸಿದ ಹಾಗೆ. ಗೂಡಿನ ಫೋಟೋ ಬೇಡ, ಹೂವಿನ ಹತ್ರ ಬಂದಾಗ ತೆಗೀರಿ. ಅಷ್ಟು ದುಡ್ಡು ಕೊಟ್ಟು ಟೆಲಿಫೋಟೋ ತಗೊಂಡಿರೋದೇ ದೂರ ನಿಲ್ಲೋಕೆ ತಾನೆ?

ಮತ್ತೆ ಸಿಗೋಣ.